ಹೆಡರ್ ಕೊಳ್ಳುವ ಮೊದಲು ಕ್ಯಾಟ್ ಎಲ್ಲಿದೆ ನೋಡಿ

ಎಂಜಿನ್‌ನ ಹೊಗೆಯನ್ನು ಹೊರಗೊಯ್ಯುವ ಪೈಪುಗಳ ಗೊಂಚಲು, ಅಂದರೆ ಹೆಡರ್, ಕಾರಿಗೆ ಹೊಸದು ಹಾಕಿಸಬೇಕೆಂದು ಬಂದವರು ಮೊದಲು ಕೇಳುವುದು ಎಷ್ಟು ಹಾರ್ಸ್‌ಪವರ್ ಹೆಚ್ಚುತ್ತದೆ ಎಂದು. ಆಮೇಲೆ ಪೈಪಿನ ವ್ಯಾಸ, ಸದ್ದು, ಬೆಲೆ. ಎಮಿಷನ್ ತಪಾಸಣೆಗೆ ನಿಲ್ಲಲೇಬೇಕಾದ ಕಾರಿನ ವಿಷಯದಲ್ಲಿ ಇವೆಲ್ಲ ಎರಡನೆಯ ಸಾಲಿನ ಪ್ರಶ್ನೆಗಳು. ಹೊಗೆಯ ಮಾಲಿನ್ಯ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಮತ್ತು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗಳು ಕಾರಿನ ತಯಾರಕರು ಕೂರಿಸಿದ ಜಾಗದಲ್ಲೇ ಉಳಿಯುತ್ತವೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಉಳಿಯುತ್ತವೆ ಎಂದಾದರೆ ಮುಂದಿನ ಮಾತು. ಇಲ್ಲವೆಂದಾದರೆ, ಆ ಹೆಡರ್ ಎಷ್ಟೇ ಚೆನ್ನಾಗಿ ಮಾಡಿದ್ದರೂ ರೇಸ್ ಟ್ರ್ಯಾಕಿನ ಕಾರಿಗೆ ಸರಿ, ರಸ್ತೆಯ ಕಾರಿಗೆ ಬೇಡ.

ಕಾರಣ ಇಷ್ಟೇ. ಕ್ಯಾಟ್ ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಒಳಗಿನ ಲೇಪ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬಂದ ಮಾಲಿನ್ಯದ ಅರ್ಧದಷ್ಟನ್ನು ಪರಿವರ್ತಿಸಲು ಶುರುಮಾಡುತ್ತದೆ. 400 ದಾಟಿದ ಮೇಲೆ ಪೂರ್ತಿ ಕೆಲಸಕ್ಕೆ ಇಳಿಯುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷಗಳಲ್ಲಿ ಹೊರಬೀಳುವ ಹೈಡ್ರೋಕಾರ್ಬನ್ನೇ ಅತಿ ಹೆಚ್ಚು. ಆ ಹೊತ್ತನ್ನು ಕಡಿಮೆ ಮಾಡಲೆಂದೇ ಈಗಿನ ಕಾರುಗಳಲ್ಲಿ ಕ್ಯಾಟನ್ನು ಸಿಲಿಂಡರ್ ಹೆಡ್‌ಗೆ ಆದಷ್ಟು ಹತ್ತಿರ ತಂದಿದ್ದಾರೆ. ನೀವು 75–90 ಸೆಂಟಿಮೀಟರ್ ಉದ್ದದ ಲಾಂಗ್ ಟ್ಯೂಬ್ ಹೆಡರ್ ಹಾಕಿದರೆ ಕ್ಯಾಟ್ ಅಷ್ಟು ದೂರ ಹಿಂದಕ್ಕೆ ಹೋಗುತ್ತದೆ. ತೆಳು ಪೈಪುಗಳು ದಾರಿಯುದ್ದಕ್ಕೂ ಶಾಖ ಬಿಟ್ಟುಕೊಡುತ್ತವೆ. ಕ್ಯಾಟ್ ತಡವಾಗಿ ಎಚ್ಚರಗೊಳ್ಳುತ್ತದೆ, ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಾಗ ಮತ್ತೆ ತಣ್ಣಗಾಗುತ್ತದೆ.

ಶಾರ್ಟಿ ಹೆಡರ್ ಎಂದು ಕರೆಯುವ ಗಿಡ್ಡ ಮಾದರಿ ಹಳೆಯ ಮ್ಯಾನಿಫೋಲ್ಡ್ (ಕಾರಿನ ಜೊತೆ ಬಂದ, ಸಿಲಿಂಡರ್‌ಗಳ ಹೊಗೆ ಒಂದುಗೂಡಿಸುವ ಭಾಗ) ಇದ್ದ ಜಾಗದಲ್ಲೇ ಕೂತು, ಅದೇ ಫ್ಲ್ಯಾಂಜ್‌ಗೆ (ಬೋಲ್ಟ್ ಬಿಗಿಯುವ ಚಪ್ಪಟೆ ಪಟ್ಟಿಗೆ) ಬಂದು ಸೇರುತ್ತದೆ. ಕ್ಯಾಟ್ ಕದಲುವುದಿಲ್ಲ. ಲಾಭ ದೊಡ್ಡದಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ: ಎರಕದ ಕಬ್ಬಿಣದ ಇಕ್ಕಟ್ಟಾದ ಮ್ಯಾನಿಫೋಲ್ಡ್ ಇದ್ದ ಹಳೆಯ ಎಂಜಿನ್‌ನಲ್ಲಿ ವ್ಯತ್ಯಾಸ ಕಾಣುತ್ತದೆ, ತಯಾರಕರೇ ಚೆನ್ನಾಗಿ ರೂಪಿಸಿದ ಪೈಪ್ ಮ್ಯಾನಿಫೋಲ್ಡ್ ಇರುವ ಹೊಸ ಎಂಜಿನ್‌ನಲ್ಲಿ ಅಷ್ಟಾಗಿ ಕಾಣದು. ನಾಲ್ಕು ಸಿಲಿಂಡರ್ ಎಂಜಿನ್‌ಗೆ 4-2-1 ಜೋಡಣೆ, ಅಂದರೆ ನಾಲ್ಕು ಪೈಪು ಎರಡಾಗಿ ಆಮೇಲೆ ಒಂದಾಗುವುದು, ಮಧ್ಯದ ಆರ್‌ಪಿಎಂನಲ್ಲಿ ಎಳೆತ ಕೊಡುತ್ತದೆ. ಸಿಲಿಂಡರ್‌ಗಳು ಉರಿಯುವ ಸರದಿ (ಫೈರಿಂಗ್ ಆರ್ಡರ್) 1-3-4-2 ಇದ್ದಲ್ಲಿ 1 ಮತ್ತು 4, 2 ಮತ್ತು 3 ಜೊತೆಯಾಗಬೇಕು. 4-1 ಜೋಡಣೆಯ ಫಲ ಮೇಲಿನ ಆರ್‌ಪಿಎಂನಲ್ಲಿ. ದಿನಬಳಕೆಯ ಕಾರಿಗೆ ಮೊದಲನೆಯದೇ ನಮ್ಮ ಆಯ್ಕೆ.

ಇನ್ನು ಕೆಲವು ಎಂಜಿನ್‌ಗಳಿಗೆ ಹೆಡರ್ ಹಾಕಲು ಜಾಗವೇ ಇಲ್ಲ. ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನ ಒಳಗೇ ಎರಕವಾಗಿ ಬಂದಿರುತ್ತದೆ, ಹೊರಗೆ ಒಂದೇ ತೂತು. ಅಂಥ ಕಾರಿಗೆ ‘ಹೆಡರ್’ ಎಂಬ ಹೆಸರಿನಲ್ಲಿ ಮಾರುವುದು ಹೆಚ್ಚಿನ ಸಲ ಕ್ಯಾಟ್ ಇಲ್ಲದ ಡೌನ್‌ಪೈಪ್, ಅಂದರೆ ಆ ತೂತಿನಿಂದ ಕೆಳಗಿಳಿಯುವ ಪೈಪ್. ಮ್ಯಾನಿಫೋಲ್ಡ್ ಮತ್ತು ಕ್ಯಾಟ್ ಒಂದೇ ತುಂಡಾಗಿರುವ ಕಾರುಗಳಲ್ಲೂ ಇದೇ ಅಪಾಯ: ಹಳೆಯದನ್ನು ಬಿಚ್ಚಿದರೆ ಮೊದಲ ಕ್ಯಾಟ್ ಕೂಡ ಹೋಯಿತು. ಕೆಳಗೆ ಇನ್ನೊಂದು ಕ್ಯಾಟ್ ಇದೆಯಲ್ಲ ಎಂಬ ಸಮಾಧಾನ ನಡೆಯದು. ಓಬಿಡಿ (ತನ್ನ ದೋಷವನ್ನು ಕಾರೇ ಪತ್ತೆಮಾಡುವ ವ್ಯವಸ್ಥೆ) ಕಾವಲು ಕಾಯುವುದು ಸಾಮಾನ್ಯವಾಗಿ ಆ ಮೊದಲ ಕ್ಯಾಟನ್ನೇ.

ಕಾಗದಪತ್ರದ ಮಾತು. ತಪಾಸಣೆ ಊರಿಂದೂರಿಗೆ ಬೇರೆ. ಕ್ಯಾಲಿಫೋರ್ನಿಯಾ ತುಂಬ ಬಿಗಿ. ಅಲ್ಲಿ ತಪಾಸಕರು ಬಾನೆಟ್ ಎತ್ತಿ ಕಣ್ಣಲ್ಲೇ ನೋಡುತ್ತಾರೆ, ಹೆಡರ್ ತಯಾರಕರದಲ್ಲ ಎಂದು ಕಂಡರೆ ಅಲ್ಲಿನ ವಾಯುಮಾಲಿನ್ಯ ಮಂಡಳಿಯಾದ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಎಕ್ಸಿಕ್ಯೂಟಿವ್ ಆರ್ಡರ್ (ಅನುಮತಿ ಆದೇಶ) ನಂಬರ್ ಕೇಳುತ್ತಾರೆ. ‘ಡಿ’ ಅಕ್ಷರದಿಂದ ಶುರುವಾಗುವ ಆ ನಂಬರ್ ಇರುವ ಲೇಬಲ್ ಎಂಜಿನ್ ಬೇಯಲ್ಲಿ ಓದುವಂತಿರಬೇಕು. ಇಲ್ಲಿ ಎಡವುವವರು ಬಹಳ. ನಂಬರ್ ಇದ್ದರೆ ಸಾಲದು. ಆ ಆದೇಶದಲ್ಲಿ ನಿಮ್ಮ ಕಾರಿನ ವರ್ಷ, ಮಾದರಿ, ಎಂಜಿನ್, ಹೆಡರ್‌ನ ಪಾರ್ಟ್ ನಂಬರ್ ಎಲ್ಲವೂ ಹೆಸರಿಸಿ ಬರೆದಿರಬೇಕು. ಒಂದೇ ಕಂಪನಿಯ ಅದೇ ಹೆಡರ್ ಒಂದು ವರ್ಷದ ಕಾರಿಗೆ ಪಾಸ್, ಮರುವರ್ಷದ ಕಾರಿಗೆ ಫೇಲ್ ಆಗಬಹುದು. ಆದೇಶದ ಪೂರ್ತಿ ಪ್ರತಿ ಓದಿ, ಬಾನೆಟ್ ಕೆಳಗಿನ ಎಮಿಷನ್ ಲೇಬಲ್ ಜೊತೆ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ. ಡಬ್ಬದ ಮೇಲೆ ‘ಆಫ್ ರೋಡ್ ಬಳಕೆಗೆ ಮಾತ್ರ’ ಎಂದಿದ್ದರೆ ಅಲ್ಲಿಗೇ ಬಿಡಿ.

ಬೇರೆ ಹಲವೆಡೆ ಸೈಲೆನ್ಸರ್ ತುದಿಗೆ ಪ್ರೋಬ್ ಹಾಕಿ ಅಳೆಯುವ ಪದ್ಧತಿ. ಬ್ರಿಟನ್ನಿನ ಎಂಒಟಿ ತಪಾಸಣೆಯಲ್ಲಿ ಕ್ಯಾಟ್ ಇರುವ ಹೊಸ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯ ಮಿತಿ ಹೀಗಿದೆ: ಎಂಜಿನ್ 2500–3000 ಆರ್‌ಪಿಎಂನಲ್ಲಿ ಓಡುವಾಗ ಕಾರ್ಬನ್ ಮಾನಾಕ್ಸೈಡ್ 0.2 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಂಕಿ; 1 ಎಂದರೆ ಸರಿಸಮ, ಮೇಲೇರಿದರೆ ಗಾಳಿ ಹೆಚ್ಚು) 0.97ರಿಂದ 1.03ರ ಒಳಗಿರಬೇಕು, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ ಮೀರಬಾರದು. ಈ ಲ್ಯಾಂಬ್ಡಾ ಎಂಬ ಅಂಕಿಯೇ ಕೆಟ್ಟದಾಗಿ ಕೂರಿಸಿದ ಹೆಡರ್ ಅನ್ನು ಹಿಡಿದುಹಾಕುವುದು.

ಅದು ಹೇಗೆಂದು ಬಿಡಿಸಿ ಹೇಳಬೇಕು, ಏಕೆಂದರೆ ಹೆಡರ್ ಹಾಕಿದ ಮೇಲೆ ಫೇಲ್ ಆಗುವ ಕಾರುಗಳಲ್ಲಿ ಲೀಕ್‌ನ ಪಾಲು ದೊಡ್ಡದು. ಎಕ್ಸಾಸ್ಟ್ ಪೈಪಿನೊಳಗೆ ಒತ್ತಡ ಯಾವಾಗಲೂ ಹೊರಗಿಗಿಂತ ಹೆಚ್ಚೇ ಇರುತ್ತದೆ, ಲೀಕ್ ಇದ್ದರೆ ಹೊಗೆ ಹೊರಬರುತ್ತದೆ ಅಷ್ಟೆ ಎಂದು ತಿಳಿದವರಿದ್ದಾರೆ. ಹಾಗಿಲ್ಲ. ಹೊಗೆ ಅಲೆ ಅಲೆಯಾಗಿ ಹೋಗುತ್ತದೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ, ಆಗ ಸಣ್ಣ ಸೀಳಿನಿಂದಲೂ ಗಾಳಿ ಒಳಕ್ಕೆ ನುಗ್ಗುತ್ತದೆ. ಸೆನ್ಸರ್‌ಗಿಂತ ಮೊದಲು ಲೀಕ್ ಇದ್ದರೆ ಆ ಗಾಳಿಯ ಆಮ್ಲಜನಕವನ್ನು ಸೆನ್ಸರ್ ಕಾಣುತ್ತದೆ, ಮಿಶ್ರಣ ತೆಳುವಾಗಿದೆ, ಪೆಟ್ರೋಲ್ ಸಾಲದು ಎಂದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಹೇಳುತ್ತದೆ. ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಫ್ಯೂಯಲ್ ಟ್ರಿಮ್ (ಇಸಿಯು ಹೀಗೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಪ್ರಮಾಣ) 10, 15, 20 ಶೇಕಡಾ ಎಂದು ಏರುತ್ತಾ ಹೋಗಿ, ಮಿಶ್ರಣ ತೆಳು ಎನ್ನುವ ಪಿ0171 ದೋಷದ ಕೋಡ್ ಬರುತ್ತದೆ. ನಿಜದಲ್ಲಿ ಎಂಜಿನ್ ಒಳಗೆ ಮಿಶ್ರಣ ದಪ್ಪ; ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಕ್ಯಾಟ್ ಕಾದು ಸವೆಯುತ್ತದೆ. ಸೆನ್ಸರ್‌ನ ಆಚೆ, ಸೈಲೆನ್ಸರ್ ಜೋಡಣೆಯಲ್ಲಿ ಲೀಕ್ ಇದ್ದರೆ ಎಂಜಿನ್‌ಗೆ ಏನೂ ಆಗದಿರಬಹುದು, ಆದರೆ ಪ್ರೋಬ್ ಓದುವ ಲ್ಯಾಂಬ್ಡಾ 1.03 ದಾಟುತ್ತದೆ.

ಇಂಥ ಲೀಕ್‌ನಲ್ಲಿ ಐಡಲ್‌ನಲ್ಲಿ ಟ್ರಿಮ್ ಹೆಚ್ಚಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿಯುವುದು ಸಾಮಾನ್ಯ. ಇನ್‌ಟೇಕ್ ಕಡೆಯ ವ್ಯಾಕ್ಯೂಮ್ ಲೀಕ್ ಕೂಡ ಹೀಗೇ ಕಾಣುತ್ತದೆ, ಆದ್ದರಿಂದ ಟ್ರಿಮ್ ಒಂದನ್ನೇ ನಂಬದೆ ಪೈಪಿಗೆ ಹೊಗೆ ತುಂಬಿ ಸೀಳು ತೋರಿಸುವ ಸ್ಮೋಕ್ ಮಷಿನ್ ಹಚ್ಚಿ ನೋಡಿ. ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಿಸಿಯಾದರೆ ಲೋಹ ಹಿಗ್ಗಿ ಸೀಳು ಮುಚ್ಚಿಕೊಳ್ಳುತ್ತದೆ, ಬೆಳಗ್ಗೆ ಕೇಳುವ ಟಿಕ್ ಟಿಕ್ ಸದ್ದು ಮಧ್ಯಾಹ್ನ ಇರುವುದಿಲ್ಲ.

ಲೀಕ್ ಆಗದ ಹೆಡರ್ ಅನ್ನು ಅಂಗಡಿಯಲ್ಲೇ ಗುರುತಿಸಬಹುದು. ಫ್ಲ್ಯಾಂಜ್ ಕನಿಷ್ಠ 9–10 ಮಿಲಿಮೀಟರ್ ದಪ್ಪ ಇರಲಿ. ತೆಳುವಾದದ್ದು ವೆಲ್ಡಿಂಗ್ ಶಾಖಕ್ಕೇ ಬಾಗಿರುತ್ತದೆ. ಸ್ಟೀಲ್ ಸ್ಕೇಲ್ ಅನ್ನು ಅಂಚಿನ ಮೇಲೆ ನಿಲ್ಲಿಸಿ ಉದ್ದಕ್ಕೂ ಸಂದು ಅಳೆಯುವ ಫೀಲರ್ ಗೇಜ್ ಹಾಕಿ. ಪೋರ್ಟ್‌ನ ಒಳಕ್ಕೆ ಬೆರಳಾಡಿಸಿ ವೆಲ್ಡಿಂಗ್ ಗಂಟು ತಾಗುತ್ತದೆಯೇ ನೋಡಿ. ಒಳಗೆ ಉಳಿದ ವೆಲ್ಡಿಂಗ್ ಕಿಟ್ಟ ಕಳಚಿದರೆ ಹೋಗಿ ಬೀಳುವುದು ಕ್ಯಾಟ್‌ನ ಜೇನುಗೂಡಿಗೆ. ಪೈಪಿನ ಗೋಡೆ 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್ ಇದ್ದರೆ ಬಾಳಿಕೆ. 18 ಗೇಜ್ ಹಗುರ, ಆದರೆ ಬೇಗ ಬಿರುಕು ಬಿಡುತ್ತದೆ. 304 ಸ್ಟೇನ್‌ಲೆಸ್ ತುಕ್ಕು ತಡೆಯುತ್ತದೆ, ಜೊತೆಗೆ ಹೆಚ್ಚು ಹಿಗ್ಗುತ್ತದೆ: 400 ಮಿಲಿಮೀಟರ್ ಉದ್ದದ ಫ್ಲ್ಯಾಂಜ್ 300 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್. ಎರಕದ ಕಬ್ಬಿಣ, 409 ಸ್ಟೇನ್‌ಲೆಸ್ ಇದಕ್ಕಿಂತ ಮೂರನೇ ಒಂದು ಭಾಗ ಕಡಿಮೆ. ಫ್ಲ್ಯಾಂಜ್‌ನ ಎರಡೂ ತುದಿಯ ತೂತುಗಳು ಉದ್ದುದ್ದವಾಗಿಲ್ಲದಿದ್ದರೆ ಈ ಹಿಗ್ಗಾಟ ತುದಿಯ ಸ್ಟಡ್‌ಗಳನ್ನು ಕತ್ತರಿಸುತ್ತದೆ.

ವ್ಯಾಸದಲ್ಲಿ ದುರಾಸೆ ಬೇಡ. 1.6ರಿಂದ 2.0 ಲೀಟರ್‌ವರೆಗಿನ ನಾಲ್ಕು ಸಿಲಿಂಡರ್ ಎಂಜಿನ್‌ಗೆ 38ರಿಂದ 45 ಮಿಲಿಮೀಟರ್ ಪೈಪ್ ಸಾಕು. ಅದಕ್ಕೂ ದೊಡ್ಡದಾದರೆ ಹೊಗೆಯ ವೇಗ ಇಳಿದು ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಾಯುತ್ತದೆ, ಶಾಖವೂ ಹೆಚ್ಚು ಸೋರುತ್ತದೆ. ಶಾಖ ಉಳಿಸಲು ಒಳಗೂ ಹೊರಗೂ ಸೆರಾಮಿಕ್ ಲೇಪವಿರುವ ಹೆಡರ್ ಒಳ್ಳೆಯದು. ಬಟ್ಟೆಯಂತೆ ಸುತ್ತುವ ಹೀಟ್ ವ್ರ್ಯಾಪ್ ಮೈಲ್ಡ್ ಸ್ಟೀಲ್‌ಗೆ ಬೇಡ. ತೇವ ಹಿಡಿದಿಟ್ಟುಕೊಂಡು ಪೈಪನ್ನು ತಿನ್ನುತ್ತದೆ.

ಹಳೆಯ ಮ್ಯಾನಿಫೋಲ್ಡ್ ಪಕ್ಕದಲ್ಲಿ ಹೊಸ ಹೆಡರ್ ಇಟ್ಟು ಒಂದೊಂದೇ ತೂತನ್ನು ಹೋಲಿಸಿ. ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ಪೈಪ್ ಸೇರುವ ಜಾಗ ಇದೆಯೇ, ಸೆಕೆಂಡರಿ ಏರ್ ಇಂಜೆಕ್ಷನ್ (ಹೊಗೆಗೆ ಗಾಳಿ ಊದುವ ವ್ಯವಸ್ಥೆ) ಇದ್ದ ಕಾರಾದರೆ ಅದರ ನಳಿಗೆಗಳಿಗೆ ದಾರಿ ಇದೆಯೇ? ಇಲ್ಲವೆಂದು ಅವನ್ನು ಮುಚ್ಚಿದರೆ ಪಿ0401 ಅಥವಾ ಪಿ0410 ಕೋಡ್ ಬರುತ್ತದೆ, ಕಣ್ಣಿನ ತಪಾಸಣೆಯಲ್ಲೂ ಸಿಕ್ಕಿಬೀಳುತ್ತದೆ. ಸೆನ್ಸರ್ ಕೂರುವ ಬಂಗ್ ಹೆಚ್ಚಿನ ಕಾರುಗಳಲ್ಲಿ 18 ಮಿಲಿಮೀಟರ್, 1.5 ಪಿಚ್. ಅದು ನಾಲ್ಕೂ ಪೈಪ್ ಸೇರಿದ ಕಲೆಕ್ಟರ್‌ನಲ್ಲಿರಬೇಕು; ಒಂದೇ ಪೈಪಿನಲ್ಲಿದ್ದರೆ ಒಂದೇ ಸಿಲಿಂಡರ್‌ನ ಸಮಾಚಾರ ಸಿಗುತ್ತದೆ. ಸೆನ್ಸರ್‌ನ ಹಿಂತುದಿ ಅಡ್ಡರೇಖೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕಿರಲಿ. ಕೆಳಮುಖವಾಗಿ ತೂರಿದರೆ ಪೈಪಿನಲ್ಲಿ ಕೂಡುವ ನೀರು ಬಿಸಿ ಸೆರಾಮಿಕ್ ಮೇಲೆ ಬಿದ್ದು ಅದು ಸೀಳುತ್ತದೆ. ವೈರ್ ಉದ್ದ ಸಾಲದೆ ಬಂದರೆ ಬೆಸುಗೆ ಹಾಕಬೇಡಿ. ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ಆ ವೈರ್‌ನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ. ರೆಡಿಮೇಡ್ ಎಕ್ಸ್‌ಟೆನ್ಷನ್ ಅಥವಾ ಕ್ರಿಂಪ್ ಬಳಸಿ.

ಬಿಚ್ಚುವ ಮೊದಲೇ ಸ್ಕ್ಯಾನ್ ಟೂಲ್ ಹಾಕಿ ಟ್ರಿಮ್, ಕೋಡ್, ಮಾನಿಟರ್‌ಗಳ (ಓಬಿಡಿ ತಾನೇ ನಡೆಸುವ ಪರೀಕ್ಷೆಗಳ) ಸ್ಥಿತಿ ಬರೆದಿಟ್ಟುಕೊಳ್ಳಿ. ಕ್ಯಾಟ್‌ನ ಆಚೆ ಇರುವ ಹಿಂದಿನ ಸೆನ್ಸರ್‌ನ ವೋಲ್ಟೇಜ್ ಕ್ಯಾಟ್‌ನ ಈಚೆ ಇರುವ ಮುಂದಿನದರಂತೆಯೇ 0.1ರಿಂದ 0.9ಕ್ಕೆ ಜೀಕುತ್ತಿದ್ದರೆ ಕ್ಯಾಟ್ ಆಗಲೇ ಸತ್ತಿದೆ. ಹೆಡರ್ ಹಾಕಿದ ಮೇಲೆ ಬರುವ, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್‌ಗೆ ಆಗ ಹೆಡರ್ ಕಾರಣವಲ್ಲ. ಸ್ಟಡ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಗ್ಯಾಸ್ಕೆಟ್ ಹಲವು ಪದರದ ಸ್ಟೀಲಿನದಾಗಿರಲಿ, ಸಿಲಿಕೋನ್ ಸೀಲಂಟ್ ಹತ್ತಿರವೂ ಬರಬಾರದು. ಅದರ ಆವಿ ಸೆನ್ಸರ್‌ಗೆ ವಿಷ. ನಟ್‌ಗಳನ್ನು ಮಧ್ಯದಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಒಮ್ಮೆ ಪೂರ್ತಿ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಈ ಎರಡನೆಯ ಸುತ್ತನ್ನು ಬಿಟ್ಟವರ ಗ್ಯಾಸ್ಕೆಟ್ಟೇ ಹೆಚ್ಚಾಗಿ ಸೀಳಿ ಲೀಕ್ ಆಗುವುದು.

ಕೆಲಸ ಮುಗಿದ ಮರುದಿನವೇ ತಪಾಸಣೆಗೆ ಓಡಬೇಡಿ. ಬ್ಯಾಟರಿ ಕಳಚಿದ್ದರೆ ಅಥವಾ ಕೋಡ್ ಅಳಿಸಿದ್ದರೆ ಓಬಿಡಿ ಮಾನಿಟರ್‌ಗಳೆಲ್ಲ ‘ನಾಟ್ ರೆಡಿ’ ಆಗಿರುತ್ತವೆ, ಓಬಿಡಿ ಓದುವ ಕೇಂದ್ರದಲ್ಲಿ ಅಷ್ಟಕ್ಕೇ ವಾಪಸ್ ಕಳಿಸುತ್ತಾರೆ. ರಾತ್ರಿಯಿಡೀ ನಿಂತ ಕಾರನ್ನು ಟ್ಯಾಂಕ್ ಕಾಲರಿಂದ ಮುಕ್ಕಾಲು ತುಂಬಿರುವಾಗ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು, ಗಂಟೆಗೆ 80–90 ಕಿಲೋಮೀಟರ್ ಸಮವೇಗದಲ್ಲಿ ಹತ್ತು ನಿಮಿಷ ಓಡಿಸಿ, ನಡುನಡುವೆ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯಲು ಬಿಡಿ. ಕೆಲವು ದಿನ ಹೀಗೆ ಓಡಿಸಿದರೆ ಮಾನಿಟರ್‌ಗಳು ಒಂದೊಂದಾಗಿ ‘ರೆಡಿ’ ಆಗುತ್ತವೆ. ತಪಾಸಣೆಯ ದಿನ 15–20 ನಿಮಿಷ ಓಡಿಸಿಕೊಂಡೇ ಹೋಗಿ, ಸರದಿಗೆ ಕಾಯುವಾಗ ಬಹಳ ಹೊತ್ತು ಐಡಲ್‌ನಲ್ಲಿ ಬಿಡಬೇಡಿ.

ಲಾಂಗ್ ಟ್ಯೂಬ್ ಹಾಕಿ, ಹಿಂದಿನ ಸೆನ್ಸರ್ ಅನ್ನು ಹೊಗೆಯಿಂದ ದೂರ ಸರಿಸುವ ಸ್ಪೇಸರ್ ಕೊಟ್ಟೋ ಇಸಿಯುವಿನ ಸಾಫ್ಟ್‌ವೇರ್ ಟ್ಯೂನ್ ಮಾಡಿ ಕೋಡ್ ಮುಚ್ಚಿಯೋ ಪಾರಾಗಬಹುದು ಎಂದು ಹೇಳುವವರು ಸಿಗುತ್ತಾರೆ. ಸ್ಪೇಸರ್ ಎಚ್ಚರಿಕೆಯ ದೀಪವನ್ನು ಆರಿಸುತ್ತದೆ, ಹೊಗೆಯನ್ನು ಶುದ್ಧ ಮಾಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2021ರ ಜುಲೈನಿಂದ ಇಸಿಯುವಿನ ಸಾಫ್ಟ್‌ವೇರ್ ತಯಾರಕರದ್ದೇ ಹೌದೇ ಎಂದೂ ಪರೀಕ್ಷಿಸುತ್ತಾರೆ. ಅನುಮತಿಯಿಲ್ಲದ ಟ್ಯೂನ್ ಕಂಡರೆ ಕಾರು ಫೇಲ್. ಈ ದಾರಿಯನ್ನು ನಾವು ಯಾರಿಗೂ ಹೇಳುವುದಿಲ್ಲ. ಆ ಹೊಗೆ ಕುಡಿಯುವವರು ಅದೇ ರಸ್ತೆಯಲ್ಲಿ ನಡೆದು ಹೋಗುವ ಜನ.

ಬಿಚ್ಚಿದ ಮ್ಯಾನಿಫೋಲ್ಡ್, ಹೀಟ್ ಶೀಲ್ಡ್, ಬ್ರಾಕೆಟ್‌ಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಿ. ನಿಯಮ ಬಿಗಿಯಾದಾಗ, ಬೇರೆ ಕಡೆ ನೋಂದಣಿ ಮಾಡಿಸುವಾಗ, ಕಾರು ಮಾರುವಾಗ ಅವು ಬೇಕಾಗುತ್ತವೆ. ಹಳೆಯ ಮಾದರಿಗಳ ಮ್ಯಾನಿಫೋಲ್ಡ್ ಆಮೇಲೆ ಹುಡುಕಿದರೆ ಸಿಗುವುದು ಕಷ್ಟ.