ಬಾಣದ ಬಾಲ ಎಲ್ಲಿದೆ?

ದಾವಣಗೆರೆಯಲ್ಲಿ ಪಿಯು ಸೈನ್ಸ್ ಓದುವ ಯಾರದ್ದಾದರೂ ಕೆಮಿಸ್ಟ್ರಿ ನೋಟ್ಸ್ ತೆಗೆದು ನೋಡಿ. ಆರ್ಗ್ಯಾನಿಕ್ ಪುಟಗಳ ತುಂಬ ಬಾಗಿದ ಬಾಣಗಳು. ಬೋರ್ಡ್ ಮೇಲಿದ್ದದ್ದು ಇದ್ದ ಹಾಗೇ ಇಳಿದಿರುತ್ತದೆ. 'ಈ ಬಾಣ ಇಲ್ಲಿಂದಲೇ ಯಾಕೆ ಹೊರಟಿತು?' ಅಂತ ಕೇಳಿದರೆ, 'ಸರ್ ಹಂಗೇ ಬರೆಸಿದ್ರು' ಅನ್ನುವ ಉತ್ತರ. ನೀಟ್, ಸಿಇಟಿ ಗಡಿಬಿಡಿಯಲ್ಲಿ ಮಕ್ಕಳನ್ನು ದೂರಿ ಏನು ಬಂತು, ಬಿಡಿ.

ಬಾಣ ಹೇಳುವುದು ಇಷ್ಟೇ: ಒಂದು ಜೊತೆ ಎಲೆಕ್ಟ್ರಾನ್ ಎಲ್ಲಿತ್ತು, ಎಲ್ಲಿಗೆ ಹೋಯಿತು. ಬಾಲ ಎಲೆಕ್ಟ್ರಾನ್ ಇರುವ ಕಡೆ, ತುದಿ ಅದು ಹೋಗುವ ಕಡೆ. 1922ರಲ್ಲಿ ಕರ್ಮ್ಯಾಕ್ ಮತ್ತು ರಾಬರ್ಟ್ ರಾಬಿನ್ಸನ್ ಎಂಬ ಕೆಮಿಸ್ಟ್‌ಗಳು ಇಂಥ ಬಾಣಗಳನ್ನು ಬಳಕೆಗೆ ತಂದರು.

ದಾವಣಗೆರೆಯವರಿಗೆ ಉದಾಹರಣೆ ಹುಡುಕಬೇಕಾ? ಬೆಣ್ಣೆ ಇದೆಯಲ್ಲ! ದೋಸೆಯ ಮೇಲೆ ಕರಗುವಾಗ ಘಮಘಮ ಅನ್ನುವ ಬೆಣ್ಣೆ, ಹೊರಗಿಟ್ಟು ಹಳತಾದರೆ ಕಮಟು ವಾಸನೆ ಬರುತ್ತದೆ. ಆಸಿಡ್ ಮತ್ತು ಆಲ್ಕೋಹಾಲ್ ಕೂಡಿ ಆಗುವ ಪದಾರ್ಥವೇ ಎಸ್ಟರ್; ಕೊಬ್ಬು ಅಂದರೆ ಗ್ಲಿಸರಾಲ್ ಎಂಬ ಆಲ್ಕೋಹಾಲ್‌ಗೆ ಮೂರು ಆಸಿಡ್‌ಗಳು ಅಂಟಿಕೊಂಡ ಎಸ್ಟರ್. ನೀರು ಮತ್ತು ಲೈಪೇಸ್ ಎಂಬ ಎನ್‌ಜೈಮ್ ಸೇರಿ ಆ ಬಂಧ ಬಿಡಿಸಿದಾಗ ಬ್ಯೂಟಿರಿಕ್ ಆಸಿಡ್ ಹೊರಬೀಳುತ್ತದೆ. ಮೂಗಿಗೆ ಬಡಿಯುವುದು ಮುಖ್ಯವಾಗಿ ಅದೇ.

ಇದೇ ಬಂಧವನ್ನು ಕಾಸ್ಟಿಕ್ ಸೋಡಾ ಹಾಕಿ ಬಿಡಿಸಿದರೆ ಸೋಪು. ಇದನ್ನು ಹತ್ತಿರದಿಂದ ನೋಡೋಣ. ಎಸ್ಟರ್‌ನಲ್ಲಿ ಕಾರ್ಬನ್‌ಗೆ ಎರಡು ಬಂಧದಿಂದ ಅಂಟಿದ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಕಾರ್ಬನ್‌ಗೆ ಕೊರತೆ. ಕಾಸ್ಟಿಕ್ ಸೋಡಾದ ಹೈಡ್ರಾಕ್ಸೈಡ್‌ನಲ್ಲಿ ಬಿಡುವಾಗಿರುವ ಎಲೆಕ್ಟ್ರಾನ್ ಜೋಡಿ ಇದೆ. ಮೊದಲ ಬಾಣದ ಬಾಲ ಅಲ್ಲಿ, ತುದಿ ಕಾರ್ಬನ್ ಮೇಲೆ. ಆದರೆ ಕಾರ್ಬನ್‌ಗೆ ಐದು ಬಂಧ ಆಗಿಬರುವುದಿಲ್ಲ. ಹಾಗಾಗಿ ಜೋಡಿಬಂಧದ ಒಂದು ಜೊತೆ ಎಲೆಕ್ಟ್ರಾನ್ ಆಕ್ಸಿಜನ್ ಮೇಲಕ್ಕೆ ಸರಿಯುತ್ತದೆ. ಅದು ಮತ್ತೆ ಕೆಳಗಿಳಿದು ಜೋಡಿಬಂಧ ಆಗುವಾಗ ಗ್ಲಿಸರಾಲ್ ಕಡೆಯ ಆಕ್ಸಿಜನ್ ಬಂಧ ಕಡಿದುಕೊಂಡು ಹೊರಡುತ್ತದೆ. ಒಟ್ಟು ನಾಲ್ಕು ಬಾಣ, ಒಂದೂ ಸುಮ್ನೆ ಹಾಕಿದ್ದಲ್ಲ. ಕೊನೆಗೆ ಆಸಿಡ್ ತನ್ನ ಹೈಡ್ರೋಜನ್ ಬಿಟ್ಟುಕೊಡುತ್ತದೆ. ಉಳಿದ ಋಣ ಚಾರ್ಜ್ ಎರಡು ಆಕ್ಸಿಜನ್‌ಗಳ ನಡುವೆ ಹಂಚಿಹೋಗುತ್ತದೆ, ಹಾಗಾಗಿ ಅದು ಆರಾಮಾಗಿರುತ್ತದೆ. ಸೋಪು ಹಿಂದಕ್ಕೆ ಹೋಗಿ ಮತ್ತೆ ಕೊಬ್ಬಾಗದ್ದು ಇದಕ್ಕೇ.

ತರಗತಿಯಲ್ಲಿ ಬಿಟ್ಟುಹೋಗುವ ಪ್ರಶ್ನೆ ಒಂದಿದೆ. ಬಂಧ ಕಡಿದದ್ದು ಗ್ಲಿಸರಾಲ್ ಕಡೆಯ ಆ ಆಕ್ಸಿಜನ್‌ನ ಆಸಿಡ್ ಬದಿಯಲ್ಲೋ, ಗ್ಲಿಸರಾಲ್ ಬದಿಯಲ್ಲೋ? ಎರಡರಲ್ಲೂ ಕೊನೆಗೆ ಸಿಗುವುದು ಒಂದೇ ಪದಾರ್ಥ. ಕಾಗದದ ಮೇಲೆ ಎಷ್ಟು ಬಾಣ ಹಾಕಿದರೂ ತೀರ್ಮಾನವಾಗದು. 1934ರಲ್ಲಿ ಪೊಲಾನಿ ಮತ್ತು ಸಾಬೊ ಭಾರದ ಆಕ್ಸಿಜನ್-18 ಇರುವ ನೀರು ಬಳಸಿ, ಕ್ಷಾರದಲ್ಲಿ ಅಮೈಲ್ ಅಸಿಟೇಟ್ ಎಂಬ ಎಸ್ಟರ್ ಒಡೆದರು. ಹೊರಬಂದ ಆಲ್ಕೋಹಾಲ್‌ನಲ್ಲಿ ಭಾರದ ಆಕ್ಸಿಜನ್ ಇರಲಿಲ್ಲ. ಅಂದರೆ ಆಲ್ಕೋಹಾಲ್ ತನ್ನ ಹಳೇ ಆಕ್ಸಿಜನ್ ಜೊತೆಗೇ ಹೊರಟಿತ್ತು, ಕಡಿದದ್ದು ಆಸಿಡ್ ಕಡೆಯ ಬಂಧ. ನನಗಂತೂ ಇಡೀ ಪಾಠದಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದು. ಬಾಣ ಯಾರೋ ಹೇಳಿದ ಮಾತಲ್ಲ, ಪರೀಕ್ಷೆಗೆ ಒಡ್ಡಿ ಉಳಿದದ್ದು ಅಂತ ಇಲ್ಲೇ ಗೊತ್ತಾಗುವುದು, ಅಲ್ವಾ?

ತೇವ ತಗುಲಿದ ಹಳೇ ಆಸ್ಪಿರಿನ್ ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಬರುತ್ತದೆ. ಅಲ್ಲೂ ಒಂದು ಎಸ್ಟರ್ ಇದೆ. ನೀರು ಅದನ್ನು ಒಡೆದು ಅಸಿಟಿಕ್ ಆಸಿಡ್ ಬಿಡಿಸಿದೆ.