ಪಿಟ್ಟು ಹಿಟ್ಟಾಯಿತು, ಹಿಟ್ಟು ಇಟ್ಟಾಯಿತು

ನವೆಂಬರ್ ಹತ್ತಿರ ಬಂತು ಅಂದರೆ ಶುದ್ಧ ಕನ್ನಡದ ಜಗಳ ಮತ್ತೆ ಶುರುವಾಗುತ್ತದೆ. 'ಹ'ಕ್ಕೂ 'ಅ'ಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಮೈಕ್ ಹಿಡಿಯಬಾರದು ಅಂತ ಒಬ್ಬರು. ಅದು ನಮ್ಮ ಸೀಮೆ ಮಾತು, ತಂಟೆಗೆ ಬರಬೇಡಿ ಅಂತ ಇನ್ನೊಬ್ಬರು. ನಡುವೆ ಇಂಗ್ಲಿಷ್ ಬೆರಕೆ, ಸಂಸ್ಕೃತದ ಭಾರ, ಮಹಾಪ್ರಾಣ ಬೇಕೋ ಬೇಡವೋ, ಎಲ್ಲವೂ ಬಂದು ಸೇರಿಕೊಳ್ಳುತ್ತವೆ. ಕೊನೆಗೆ ಯಾರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಅನ್ನೋದೇ ತಿಳಿಯುವುದಿಲ್ಲ. ಈ ಗೋಜಲು ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ ಅಂದರೆ, ಕನ್ನಡವೂ ತಮಿಳೂ ಬೇರೆಯಾಗುವುದಕ್ಕಿಂತ ಮುಂಚಿನ ಕಾಲಕ್ಕೆ.

ಜಗತ್ತಿನಲ್ಲಿ ಈಗ ಸುಮಾರು 7,000 ಭಾಷೆಗಳಿವೆ. ಯಾವ ಭಾಷೆಯನ್ನೂ ಯಾರೂ ಕೂತು ಮಾಡಿದ್ದಲ್ಲ. ಮಗು ಸುತ್ತಲಿನವರ ಮಾತು ಕೇಳಿ ಕೇಳಿ ಭಾಷೆಯನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟುವಾಗ ಅಲ್ಲೊಂದು ಇಲ್ಲೊಂದು ಎಳೆ ಬದಲಾಗುತ್ತದೆ. ಜನ ದಿನಾ ಒಬ್ಬರಿಗೊಬ್ಬರು ಸಿಗುತ್ತಿದ್ದರೆ ಆ ಬದಲಾವಣೆ ಎಲ್ಲರಿಗೂ ಹಬ್ಬುತ್ತದೆ, ಇಲ್ಲವೇ ಅಲ್ಲೇ ಅಳಿಯುತ್ತದೆ. ನಡುವೆ ಬೆಟ್ಟವೋ ಕಾಡೋ ಬಂದು ಓಡಾಟ ನಿಂತರೆ ಎರಡೂ ಕಡೆ ಬೇರೆ ಬೇರೆ ಬದಲಾವಣೆ ಪೇರುತ್ತಾ ಹೋಗುತ್ತವೆ. ಪಪುವಾ ನ್ಯೂಗಿನಿ ಅನ್ನುವ ಒಂದೇ ದೇಶದಲ್ಲಿ 800ಕ್ಕೂ ಜಾಸ್ತಿ ಭಾಷೆಗಳಿವೆ. ಅಲ್ಲಿ ಕಣಿವೆ ಕಣಿವೆಗೂ ಬೇರೆ ಊರು, ಊರಿನ ಅನ್ನ ಊರಲ್ಲೇ ಬೆಳೆಯುತ್ತಿತ್ತು, ಎಲ್ಲರನ್ನೂ ಒಂದೇ ಮಾತಿಗೆ ಎಳೆಯುವ ದೊಡ್ಡ ರಾಜ್ಯ ಇರಲಿಲ್ಲ.

ಅಷ್ಟು ದೂರ ಹೋಗೋದು ಬೇಡ, ನೀಲಗಿರಿಗೆ ಹೋದರೆ ಸಾಕು. ಅಲ್ಲಿನ ಬಡಗರು ಕೆಲವು ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು. ಬಡಗು ಅಂದರೆ ಉತ್ತರ, ಬಡಗರು ಅಂದರೆ ಉತ್ತರದಿಂದ ಬಂದವರು. ಇವತ್ತು ಇಬ್ಬರು ಬಡಗರು ಮಾತಾಡಿಕೊಂಡರೆ ಮೈಸೂರಿನವರಿಗೆ ಪದ ಪದ ಗುರುತು ಸಿಗುತ್ತದೆ, ಮಾತು ಪೂರ್ತಿ ಸಿಗುವುದಿಲ್ಲ. 2011ರ ಜನಗಣತಿ ಬಡಗವನ್ನು ಕನ್ನಡದ ಕೆಳಗೇ ಸೇರಿಸಿ ಎಣಿಸಿತು. ಬಡಗರನ್ನು ಕೇಳಿದರೆ ತಮ್ಮದು ಬೇರೆಯೇ ಭಾಷೆ ಅನ್ನುವವರು ಬಹಳ. ಆ ಜನಗಣತಿಯಲ್ಲಿ ಜನ ಬರೆಸಿದ ತಾಯ್ನುಡಿಯ ಹೆಸರುಗಳು 19,569. ಸೋಸಿದಾಗ ಉಳಿದದ್ದು 1,369. ಹತ್ತು ಸಾವಿರಕ್ಕಿಂತ ಜಾಸ್ತಿ ಜನ ಆಡುವ ಭಾಷೆ ಅಂತ ಪಟ್ಟಿಗೆ ಬಂದದ್ದು 121. ಯಾವುದು ಭಾಷೆ, ಯಾವುದು ಬರೀ ಆಡುಮಾತು ಅನ್ನೋದನ್ನು ಕಿವಿಯೊಂದೇ ತೀರ್ಮಾನಿಸುವುದಿಲ್ಲ.

ಈಗ ನಮ್ಮ ಜಗಳಕ್ಕೆ ಬರೋಣ. ಮಂಡ್ಯ ಕಡೆ ರಾಗಿಮುದ್ದೆಗೆ ಹಿಟ್ಟು ಅನ್ನುತ್ತೇವೆ. ಬಾಯಲ್ಲಿ ಅದು 'ಇಟ್ಟು'. "ಇಟ್ಟು ಉಂಡ್ಕಂಡ್ ಓಗ್ಲಾ ಮಗ" ಅನ್ನುವ ಕೂಗು ಕೇಳಿಕೊಂಡೇ ನಾನು ಬೆಳೆದದ್ದು. ನಗುವವರು ನಗೋದು ಇದಕ್ಕೇ. ಹಿಟ್ಟು ಸರಿ, ಇಟ್ಟು ತಪ್ಪು ಅಂತ. ಆದರೆ ಹಿಟ್ಟು ಕೂಡ ಮೊದಲು ಹಿಟ್ಟಾಗಿರಲಿಲ್ಲ, ಪಿಟ್ಟು ಆಗಿತ್ತು. ತಮಿಳರ ಪಿಟ್ಟು, ಕೇರಳದ ಪುಟ್ಟು, ನಮ್ಮ ಹಿಟ್ಟು ಒಂದೇ ಬಳ್ಳಿಯವು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರು ಹೆಸರಾಯಿತು, ಪಳ್ಳಿ ಹಳ್ಳಿಯಾಯಿತು. ತುಳುವರು ಇವತ್ತಿಗೂ ಪಿಲಿ ಅಂತಲೇ ಅನ್ನುತ್ತಾರೆ. 941ರ ಸುಮಾರಿಗೆ ಬರೆದ ಪಂಪನಲ್ಲಿ ಇವೆಲ್ಲ 'ಪ'ದಲ್ಲೇ ಇವೆ. ಆಮೇಲೆ ಶಾಸನಗಳಲ್ಲಿ 'ಹ' ಇಣುಕಲು ಶುರುವಾಯಿತು. ಎಷ್ಟೋ ಕಾಲ ಎರಡೂ ಒಟ್ಟಿಗೆ ನಡೆದವು. 14ನೇ ಶತಮಾನ ಮುಗಿಯುವ ಹೊತ್ತಿಗೆ 'ಹ' ಗೆದ್ದಿತ್ತು.

ಇದು ಸುಮ್ನೆ ಮನಸ್ಸಿಗೆ ಬಂದಂತೆ ಆದ ಬದಲಾವಣೆ ಅಲ್ಲ. 'ಪ' ಅನ್ನಲು ತುಟಿ ಪೂರ್ತಿ ಮುಚ್ಚಬೇಕು. ತುಟಿ ಸ್ವಲ್ಪ ಸಡಿಲವಾದರೆ ಬರೀ ಉಸಿರು ಹೊರಡುತ್ತದೆ, ಅದೇ 'ಹ' ಆಗಿ ನಿಲ್ಲುತ್ತದೆ. ಆ ಉಸಿರೂ ಸಡಿಲವಾದರೆ 'ಹಾಲು' 'ಆಲು' ಆಗುತ್ತದೆ. ಹತ್ತು, ಇಪ್ಪತ್ತು ಅಂತ ತೊಂಬತ್ತರವರೆಗೆ ಎಣಿಸಿ ನೋಡಿ. ಹತ್ತು ಮೊದಲು ಪತ್ತು. ಪದದ ಮೊದಲಲ್ಲಿದ್ದ 'ಪ' ಹೋಯಿತು. ಇಪ್ಪತ್ತು, ಎಪ್ಪತ್ತರಲ್ಲಿ ಹೋಗಲಿಲ್ಲ, ಯಾಕೆಂದರೆ ಅಲ್ಲಿ ಒತ್ತಕ್ಷರ, ತುಟಿ ಗಟ್ಟಿಯಾಗಿ ಒತ್ತಲೇಬೇಕು. ತೊಂಬತ್ತರಲ್ಲಿ ಅದು 'ಬ' ಆಗಿ ಉಳಿಯಿತು, ಅಲ್ಲಿ ಹಿಂದಿನ ಅನುಸ್ವಾರ ತುಟಿಯನ್ನು ಮೊದಲೇ ಮುಚ್ಚಿರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಇಪ್ಪತ್ತು ರೂಪಾಯಿಗೆ ಸೊಪ್ಪು ಕೊಳ್ಳುವಾಗ ಸಾವಿರ ವರ್ಷ ಹಳೆಯ 'ಪ' ನಮ್ಮ ಬಾಯಿಂದ ಹೊರಡುತ್ತದೆ!

ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿಗೆ ಹೋದವರು 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನ ನೋಡಿ ಬರುತ್ತಾರೆ. ಊರಿನ ಹೆಸರನ್ನೂ ಒಮ್ಮೆ ನೋಡಬೇಕು. ಹೊಳಲು ಅಂದರೆ ಹಳೆಗನ್ನಡದ ಪೊೞಲ್, ಪಟ್ಟಣ. 'ಪ' ಹೋಗಿ 'ಹ' ಬಂತು, ಈಗ ಬಳಕೆಯಲ್ಲಿಲ್ಲದ 'ೞ' ಅಕ್ಷರ ಹೋಗಿ 'ಳ' ಬಂತು. ಅದೇ ಶತಮಾನದ ವೈಯಾಕರಣ ಕೇಶಿರಾಜ 'ೞ' ಇರುವ ಪದಗಳನ್ನು ಪಟ್ಟಿ ಮಾಡಿಟ್ಟ. ಪಟ್ಟಿ ಬೇಕಾಯಿತು ಅಂದರೆ ಅಷ್ಟರಲ್ಲಾಗಲೇ ಜನರ ಬಾಯಲ್ಲಿ ಆ ವ್ಯತ್ಯಾಸ ಮಸುಕಾಗಿತ್ತು ಅಂತ ತಾನೇ? ಪಟ್ಟಿ ಉಳಿಯಿತು, 'ೞ' ಉಳಿಯಲಿಲ್ಲ. ಬದುಕು ಅನ್ನುವ ಬಾೞ್, ಕತ್ತಿ ಅನ್ನುವ ಬಾಳ್ ಎರಡೂ ಬಾಳು ಆದವು. ಹಕ್ಕಿಯನ್ನು ಅಕ್ಕಿ ಅಂದರೆ ಗೊಂದಲ ಆಗಲ್ವಾ ಅಂತ ಕೇಳುವವರಿಗೆ ನಾನು ಈ ಬಾಳನ್ನೇ ತೋರಿಸುತ್ತೇನೆ. ಹಿಂದೆ ಮುಂದೆ ಇರುವ ಮಾತು ಅರ್ಥವನ್ನು ಕಾಯುತ್ತದೆ.

'ಬರ್ತೀನಿ' ಅನ್ನೋದನ್ನು ನಾವು 'ಬತ್ತೀನಿ' ಅನ್ನುವುದೂ ಹೀಗೇ. ಪಂಪನ 'ಎರ್ದೆ'ಯಲ್ಲಿದ್ದ ರಕಾರ ಬಿದ್ದು ನಮ್ಮ ಎದೆ ಆಯಿತು. ತಮಿಳಿನ ಎರುಮೈಯಲ್ಲಿರುವ ರಕಾರ ನಮ್ಮ ಎಮ್ಮೆಯಲ್ಲಿ ಕರಗಿದೆ. ಅವನ್ನು ಯಾರೂ ತಪ್ಪು ಅನ್ನುವುದಿಲ್ಲ. ಹೊರಗೂ ಇಂಥದ್ದೇ ಕಥೆ. ಲ್ಯಾಟಿನ್‌ನಲ್ಲಿ ಹಿಟ್ಟಿಗೆ ಫರೀನಾ. ಅದರ ಮಗಳು ಸ್ಪ್ಯಾನಿಷ್‌ನಲ್ಲಿ ಆ ಪದವನ್ನು 'ಹ' ಹಾಕಿ ಬರೆಯುತ್ತಾರೆ, ಓದುವಾಗ 'ಅರೀನಾ' ಅನ್ನುತ್ತಾರೆ. ಅಲ್ಲಿ 'ಹ' ಬಿಡುವುದೇ ಶುದ್ಧ ಉಚ್ಚಾರ.

ಹಾಗಾದರೆ ಇಲ್ಲಿ ಯಾಕೆ ತಪ್ಪಾಯಿತು? ಅಚ್ಚಿನ ಮನೆ ಬಂತು, ಪಠ್ಯಪುಸ್ತಕ ಬಂತು, 1935ರಲ್ಲಿ ಮೈಸೂರಿನ ಒಬ್ಬ ಪ್ರಾಧ್ಯಾಪಕರ ಮನೆಯಿಂದ ಆಕಾಶವಾಣಿ ಮಾತಾಡಿತು, 1956ರಲ್ಲಿ ನಾಡು ಒಂದಾಯಿತು. ಹರಿದು ಹಂಚಿಹೋಗಿದ್ದ ಸೀಮೆಗಳಿಗೆಲ್ಲ ಒಂದು ಬರಹದ ಕನ್ನಡ ಬೇಕಿತ್ತು, ಅದು ಬೇಕೇ ಬೇಕು. ಆ ಬರಹದ ಕನ್ನಡ ಓದು ಬಲ್ಲ ಪಟ್ಟಣದವರ ಮಾತಿಗೆ ಹತ್ತಿರವಿತ್ತು, ಗದ್ದೆಯ ಮಾತಿಗೆ ದೂರವಿತ್ತು. 1939ರವರೆಗೆ ಮಂಡ್ಯ ಮೈಸೂರು ಜಿಲ್ಲೆಯಲ್ಲೇ ಇತ್ತು. ಎರಡು ಊರಿನ ನಡುವೆ ಇರುವುದು ನಲವತ್ತೈದು ಕಿಲೋಮೀಟರ್. ಮಾತಿನ ಮರ್ಯಾದೆಯಲ್ಲಿ ಮಾತ್ರ ಆ ದೂರ ಬಹಳ ದೊಡ್ಡದಾಯಿತು.

ಎಂಟನೇ ಕ್ಲಾಸಿಗೆ ನಾನು ಮೈಸೂರಿನ ಒಂದು ಶಾಲೆಗೆ ಸೇರಿದೆ. "ಅಂಗೈಯನ್ನು ಬಾಯಿ ಮುಂದೆ ಹಿಡಿ, ಹಾಲು ಅನ್ನು, ಉಸಿರು ತಾಗಬೇಕು" ಅಂತ ಮೇಷ್ಟ್ರು ಎಲ್ಲರೆದುರು ನಿಲ್ಲಿಸಿ ಹೇಳಿಸಿದರು. ಅವರದು ಒಳ್ಳೆಯ ಮನಸ್ಸೇ. ಮೂರು ದಿನಕ್ಕೆ ಉಸಿರು ತಾಗಿತು. ನಾಲ್ಕನೇ ದಿನ ಪಾಠ ಓದುವಾಗ ಅಕ್ಕಿಗೂ ಹಕ್ಕಿ ಅಂದುಬಿಟ್ಟೆ, ಇಡೀ ತರಗತಿ ನಕ್ಕಿತು. 'ಹ' ಬಿಡುತ್ತಿದ್ದೀಯ ಅಂತ ಹೆದರಿಸಿದರೆ ನಾಲಿಗೆ ಅದನ್ನು ಇಲ್ಲದ ಕಡೆಯೂ ತಂದಿಡುತ್ತದೆ. ವೇದಿಕೆಯ ಮೇಲೆ 'ಆದರ' 'ಹಾದರ' ಆಗುವುದು ಈ ಹೆದರಿಕೆಯಿಂದಲೇ, ಅಜ್ಞಾನದಿಂದಲ್ಲ. ಆ ವರ್ಷ ಪೂರ್ತಿ ನಾನು ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಬರೆಯಲು ಒಂದು ಕನ್ನಡ, ಉಣ್ಣಲು ಇನ್ನೊಂದು ಕನ್ನಡ ಎರಡೂ ಇರಬಹುದು ಅಂತ ಆಗ ಯಾರೂ ಹೇಳಿಕೊಡಲಿಲ್ಲ.

ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಿಂದ ಇದೇ ಮೈಸೂರಿನಲ್ಲಿದೆ. ದೇಶದ ಮೂಲೆಮೂಲೆಯ ನುಡಿಗಳನ್ನು ಅಲ್ಲಿ ಕೂತು ದಾಖಲಿಸುತ್ತಾರೆ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಶಾಲೆಗೆ ಬರುವ ಜೇನುಕುರುಬರ ಮಕ್ಕಳಿಗೆ ನನಗಿಂತ ದೊಡ್ಡ ಕಷ್ಟ. ಅವರಿಗೆ ಶಾಲೆಯ ಕನ್ನಡವೇ ಬೇರೆ ನುಡಿ.

ಕಳೆದ ದಸರಾ ರಜಕ್ಕೆ ಅಣ್ಣನ ಮಗಳು ಮೈಸೂರಿನಿಂದ ಊರಿಗೆ ಬಂದಿದ್ದಳು. ಅವ್ವ ಒಲೆ ಮುಂದೆ ಕೂತು ಕೋಲಿನಲ್ಲಿ ಹಿಟ್ಟು ತಿರುವಿ, ಉಂಡೆ ಕಟ್ಟಿ, ಮೊಮ್ಮಗಳ ಕಡೆ ತಿರುಗಿದಳು. "ಹಿಟ್ಟು ಹಾಕ್ಲಾ ಪುಟ್ಟಿ?" ಅಂತ ಒಂದೊಂದು ಅಕ್ಷರವನ್ನೂ ನಿಧಾನಕ್ಕೆ, ಉಸಿರು ತುಂಬಿ ಕೇಳಿದಳು. ಮಗು ತಲೆ ಆಡಿಸಿತು. ಆಮೇಲೆ ನನ್ನ ತಟ್ಟೆ ಹತ್ತಿರಕ್ಕೆಳೆದು, "ನಿಂಗೂ ಇಟ್ಟಾಕ್ಲಾ?" ಅಂದಳು.