ಒಸಿಐ ಕಾರ್ಡುದಾರ: ನಾವು ಉಚ್ಚರಿಸದೆ ಬಿಡುವ ಕೊನೆಯ ಪದ

ವಿದೇಶದಿಂದ ಊರಿಗೆ ಮರಳಿದ ಕನ್ನಡಿಗನ ಜರ್ಮನ್ ಪತ್ನಿಗೋ ಬ್ರೆಜಿಲಿಯನ್ ಪತ್ನಿಗೋ ‘ಭಾರತದ ಪೌರತ್ವ ಸಿಕ್ಕಿತು’ ಎಂಬ ಧಾಟಿಯ ಸುದ್ದಿಯನ್ನು ಮತ್ತೆ ಓದಿದೆ. ತಲೆಬರಹದ ಕೆಳಗೆ ಇಳಿದರೆ ಮೂರನೆಯ ಸಾಲಿನಲ್ಲಿ ಸತ್ಯ ಕೂತಿರುತ್ತದೆ: ಆಕೆಗೆ ಸಿಕ್ಕಿದ್ದು ಒಸಿಐ ಕಾರ್ಡು, ಅಂದರೆ ಆಜೀವ ವೀಸಾದಂಥ ಒಂದು ಕಾರ್ಡು. ಬರೆದವರಿಗೆ ಎರಡೂ ಒಂದೇ. ಓದಿದವರು ಹಂಚಿಕೊಳ್ಳುವಾಗ ಅದಕ್ಕೆ ‘ದ್ವಿಪೌರತ್ವ’ ಎಂಬ ಬಿರುದನ್ನೂ ಸೇರಿಸುತ್ತಾರೆ. ಇಲ್ಲದ ಒಂದನ್ನು ಇದೆ ಎಂದು ಹೇಳುವುದಲ್ಲದೆ ಅದನ್ನು ಎರಡು ಮಾಡಿ ಕೊಡುವ ಉದಾರತೆ ನಮ್ಮದು.

ಒಸಿಐಯನ್ನು (ಓವರ್ಸೀಸ್ ಸಿಟಿಜನ್ ಆಫ್ ಇಂಡಿಯಾ) ಕನ್ನಡ ಪತ್ರಿಕೆಗಳು ‘ಸಾಗರೋತ್ತರ ಭಾರತೀಯ ನಾಗರಿಕ’ ಎಂದು ಬರೆಯುತ್ತವೆ. ಅನುವಾದ ಸರಿಯಾಗಿಯೇ ಇದೆ. ತಕರಾರು ಇರುವುದು ಮೂಲದ ಹೆಸರಿನಲ್ಲಿ. ಮೈಸೂರಿನ ಸರಸ್ವತಿಪುರಂನಲ್ಲಿ ಗಂಡನೊಂದಿಗೆ ಸಂಸಾರ ಹೂಡಿರುವ ಜರ್ಮನ್ ಹೆಣ್ಣುಮಗಳೊಬ್ಬಳ ಕೈಯಲ್ಲಿ ಈ ಕಾರ್ಡು ಇದೆ ಎಂದಿಟ್ಟುಕೊಳ್ಳಿ. ಆಕೆ ಸಾಗರದ ಆಚೆ ಇಲ್ಲ, ಈಚೆಯೇ ಇದ್ದಾಳೆ. ಭಾರತೀಯ ಮೂಲದವಳಲ್ಲ. ನಾಗರಿಕಳಂತೂ ಅಲ್ಲವೇ ಅಲ್ಲ. ಜೇಬಿನಲ್ಲಿರುವುದು ಜರ್ಮನಿಯ ಪಾಸ್‌ಪೋರ್ಟು. ಮೂರು ಪದಗಳ ಹೆಸರಿನಲ್ಲಿ ಆಕೆಗೆ ಒಪ್ಪುವುದು ಒಂದೂ ಇಲ್ಲ.

ಆದರೆ ಕಾಯ್ದೆಯಲ್ಲಿ ನಾಲ್ಕನೆಯ ಪದವೊಂದಿದೆ: ‘ಕಾರ್ಡ್‌ಹೋಲ್ಡರ್’, ಅಂದರೆ ಕಾರ್ಡುದಾರ. 2015ರ ತಿದ್ದುಪಡಿಗೆ ಮುಂಚೆ ಪೌರತ್ವ ಕಾಯ್ದೆಯಲ್ಲಿ ಇದ್ದದ್ದು ಬರೀ ‘ಸಾಗರೋತ್ತರ ಭಾರತೀಯ ನಾಗರಿಕ’. ಆ ವರ್ಷ ಸಂಸತ್ತು ಅದರ ಬಾಲಕ್ಕೆ ‘ಕಾರ್ಡುದಾರ’ ಎಂದು ಸೇರಿಸಿತು. ಇಡೀ ಹೆಸರಿನಲ್ಲಿ ನಿಜ ಹೇಳುವ ಪದ ಅದೊಂದೇ, ನಾವು ದಿನಬಳಕೆಯಲ್ಲಿ ಉದುರಿಸುವುದೂ ಅದನ್ನೇ.

ಹೆಸರು ಹೀಗೇಕೆ ಆಯಿತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಎಲ್.ಎಂ. ಸಿಂಘ್ವಿ ಅಧ್ಯಕ್ಷತೆಯ ಉನ್ನತ ಸಮಿತಿ ಅನಿವಾಸಿಗಳ ಬಗ್ಗೆ ಕೊಟ್ಟ ವರದಿ 2002ರ ಜನವರಿಯಲ್ಲಿ ಹೊರಬಂತು. ಅದು ಕೇಳಿದ್ದು ದ್ವಿಪೌರತ್ವವನ್ನೇ. ವಾಜಪೇಯಿ ಸರ್ಕಾರ 2003ರಲ್ಲಿ ಕಾಯ್ದೆ ತಿದ್ದಿ 16 ದೇಶಗಳಲ್ಲಿರುವ ಭಾರತೀಯ ಮೂಲದವರಿಗೆ ಈ ‘ಸಾಗರೋತ್ತರ ಪೌರತ್ವ’ವನ್ನು ತಂದಿತು. 2005ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಪಾಕಿಸ್ತಾನ, ಬಾಂಗ್ಲಾದೇಶ ಬಿಟ್ಟು ಉಳಿದ ದೇಶಗಳಿಗೂ ಅದನ್ನು ವಿಸ್ತರಿಸಿತು. ಮೊದಲ ಕಾರ್ಡುಗಳನ್ನು 2006ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಅನಿವಾಸಿಗಳ ಸಮಾವೇಶ ‘ಪ್ರವಾಸಿ ಭಾರತೀಯ ದಿವಸ’ದಲ್ಲಿ ವಿತರಿಸಿದರು. ಬೇಡಿಕೆಯ ಹೆಸರು ಉಳಿಯಿತು, ಬೇಡಿದ ವಸ್ತು ಬರಲಿಲ್ಲ. ಮತದಾನವಿಲ್ಲ, ಶಾಸಕನಾಗುವಂತಿಲ್ಲ, ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶದ ಹಕ್ಕಿಲ್ಲ. ಕೊಟ್ಟದ್ದು ಆಜೀವ, ಎಷ್ಟು ಸಲ ಬೇಕಾದರೂ ಬಂದುಹೋಗಬಹುದಾದ ವೀಸಾ, ಅದರ ಜತೆಗೆ ಕೆಲವು ಸವಲತ್ತು. ವೀಸಾ ಎಂದೇ ಕರೆದಿದ್ದರೆ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಪ್ರವಾಸಿ ದಿವಸದ ವೇದಿಕೆಯಲ್ಲಿ ಚಪ್ಪಾಳೆಯೂ ಬೀಳುತ್ತಿರಲಿಲ್ಲ, ಬಿಡಿ.

‘ಸಾಗರೋತ್ತರ’ದಲ್ಲಿರುವ ಉತ್ತರ ದಿಕ್ಕೂ ಅಲ್ಲ, ಜವಾಬೂ ಅಲ್ಲ. ‘ಉದ್’ ಎಂದರೆ ಮೇಲೆ. ‘ಉತ್ತರ’ ಎಂದರೆ ಇನ್ನೂ ಮೇಲಿನದು, ಆಚೆಯದು, ನಂತರದ್ದು. ಮರಣೋತ್ತರ, ಸ್ನಾತಕೋತ್ತರ, ಲೋಕೋತ್ತರಗಳಲ್ಲಿ ಇರುವುದು ಇದೇ. ಆದ್ದರಿಂದ ಸಾಗರೋತ್ತರ ಎಂದರೆ ಕಡಲಾಚೆಯ. ‘ನಾಗರಿಕ’ ನಗರದಿಂದ ಬಂತು, ‘ಪೌರ’ ಪುರದಿಂದ ಬಂತು. ಪೌರಕಾರ್ಮಿಕ, ಪೌರಾಯುಕ್ತ ಎನ್ನುವಾಗ ಆ ಪುರ ಇನ್ನೂ ಕೇಳಿಸುತ್ತದೆ. ಎರಡೂ ವಾಸದ ಪದಗಳು: ಊರಲ್ಲಿ ನೆಲೆಸಿದವ ಪೌರ. ‘ಪ್ರಜೆ’ಯ ಜಾಡೇ ಬೇರೆ. ಅದು ಹುಟ್ಟಿನ ಪದ. ಸಂಸ್ಕೃತದಲ್ಲಿ ಅದಕ್ಕೆ ಮೊದಲ ಅರ್ಥ ಸಂತಾನ. ಅರಸನಿಗೆ ಪ್ರಜೆಗಳು ಮಕ್ಕಳಂತೆ ಎಂಬ ಭಾವದಿಂದ ಆಳಿಸಿಕೊಳ್ಳುವವರಿಗೆ ಆ ಹೆಸರು ಅಂಟಿತು. ಈ ಹಳೆಯ ಲೆಕ್ಕ ಹಿಡಿದರೆ ಸರಸ್ವತಿಪುರಂನ ಆ ಸೊಸೆ ಒಳ್ಳೆಯ ‘ಪೌರೆ’ಯೇ, ‘ಪ್ರಜೆ’ ಮಾತ್ರ ಅಲ್ಲ. ಕಾನೂನು ಈ ಲೆಕ್ಕ ಹಿಡಿಯುವುದಿಲ್ಲ. ಅದಕ್ಕೆ ಪೌರ, ನಾಗರಿಕ, ಪ್ರಜೆ ಮೂವರೂ ಒಬ್ಬರೇ, ಆ ಒಬ್ಬರಲ್ಲಿ ಆಕೆ ಇಲ್ಲ. ಎಷ್ಟು ವರ್ಷ ಇಲ್ಲಿದ್ದರೂ ಕಾಯ್ದೆಯ ಕಣ್ಣಿನಲ್ಲಿ ಆಕೆ ಫಾರಿನರ್ ಅಷ್ಟೇ.

ಈ ಕಾರ್ಡು ವಿದೇಶಿ ಸಂಗಾತಿಗೆ ಸಿಗುವಂತಾದದ್ದೇ 2015ರಿಂದ. ಅಲ್ಲಿಯವರೆಗೆ ಅವರಿಗೆ ಸಿಗುತ್ತಿದ್ದದ್ದು ಪಿಐಒ (ಪರ್ಸನ್ ಆಫ್ ಇಂಡಿಯನ್ ಒರಿಜಿನ್) ಕಾರ್ಡು. ಅದಕ್ಕೆ 15 ವರ್ಷದ ಅವಧಿ, 180 ದಿನ ಮೀರಿ ಉಳಿದರೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ. ಆ ವರ್ಷದ ಜನವರಿಯಲ್ಲಿ ಪಿಐಒವನ್ನು ಒಸಿಐಯಲ್ಲಿ ವಿಲೀನಗೊಳಿಸಿದರು. (ಈಗಲೂ ‘ಪಿಐಒ ಮಾಡಿಸಬೇಕು’ ಎನ್ನುವವರು ಸಿಗುತ್ತಾರೆ. ಹತ್ತು ವರ್ಷಗಳ ಮೇಲಾಯಿತು ಸ್ವಾಮಿ.) ಆಗ ಹೊಸ ರೂಪ ಪಡೆದ, ಪೌರತ್ವ ಕಾಯ್ದೆಯ ಸೆಕ್ಷನ್ 7ಎಯ ‘ಡಿ’ ಉಪಖಂಡ ಹೇಳುವುದಿಷ್ಟು: ಭಾರತದ ಪ್ರಜೆಯ ಅಥವಾ ಒಸಿಐ ಕಾರ್ಡುದಾರರ ವಿದೇಶಿ ಮೂಲದ ಸಂಗಾತಿ ಅರ್ಜಿ ಹಾಕಬಹುದು. ಆದರೆ ಮದುವೆ ನೋಂದಣಿಯಾಗಿರಬೇಕು, ಅರ್ಜಿಗೆ ಹಿಂದಿನ ಎರಡು ವರ್ಷ ಕಡಿದುಹೋಗದಂತೆ ಬಾಳಿರಬೇಕು. ಅದರ ಮೇಲೆ ಭದ್ರತಾ ಅನುಮತಿ ಬೇರೆ. ಮುತ್ತಜ್ಜನವರೆಗಿನ ತಲೆಮಾರಿನಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಬಾಗಿಲು ಮುಚ್ಚಿದಂತೆಯೇ.

‘ನೋಂದಣಿ’ ಎಂಬ ಪದದ ಮೇಲೆ ಬೆರಳಿಟ್ಟು ನಿಲ್ಲಿ. ಛತ್ರದಲ್ಲಿ ಐನೂರು ಜನರ ಮುಂದೆ ತಾಳಿ ಕಟ್ಟಿದ್ದು, ಅದರ ಆಲ್ಬಂ, ಲಗ್ನಪತ್ರಿಕೆ ಇವು ಯಾವುವೂ ನೋಂದಣಿಯಲ್ಲ. ವರ ಹಿಂದೂ, ವಧು ಕ್ರೈಸ್ತಳಾದರೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಿಸಲು ಬರುವುದಿಲ್ಲ. ಭಾರತದಲ್ಲಾದರೆ 1954ರ ವಿಶೇಷ ವಿವಾಹ ಕಾಯ್ದೆ, ಅದರ 30 ದಿನಗಳ ನೋಟಿಸು. ಹೊರಗೆ ನಮ್ಮ ರಾಯಭಾರ ಕಚೇರಿಯಲ್ಲಾದರೆ 1969ರ ವಿದೇಶಿ ವಿವಾಹ ಕಾಯ್ದೆ. ಕಾಯ್ದೆ ನೋಂದಣಿಯನ್ನೂ ಎರಡು ವರ್ಷದ ಬಾಳಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ, ಶಾಸ್ತ್ರ ಮುಗಿಸಿ ‘ಸರ್ಟಿಫಿಕೇಟು ಆಮೇಲೆ ನೋಡೋಣ’ ಎಂದು ಕೂರುವವರು ಆಮೇಲೆ ಕೊರಗುತ್ತಾರೆ.

ಆ ಎರಡು ವರ್ಷ ಏನು ಮಾಡಬೇಕು? ಎಂಟ್ರಿ ವೀಸಾ. ಕಚೇರಿ ಭಾಷೆಯಲ್ಲಿ ಎಕ್ಸ್ ವೀಸಾ. ನಮ್ಮವರು ಅಮೆರಿಕದ ಅಭ್ಯಾಸಬಲದಿಂದ ಇದನ್ನು ‘ಡಿಪೆಂಡೆಂಟ್ ವೀಸಾ’ ಎನ್ನುತ್ತಾರೆ. ಇದರ ಮೇಲೆ ಸುಮ್ಮನೆ ಹೋಗಿ ಕೆಲಸಕ್ಕೆ ಸೇರುವಂತಿಲ್ಲ, ಅದಕ್ಕೆ ಬೇರೆಯೇ ಅನುಮತಿ ಬೇಕು. ದೀರ್ಘ ಕಾಲ ಉಳಿಯುವುದಾದರೆ ಎಫ್‌ಆರ್‌ಆರ್‌ಒ ನೋಂದಣಿ ಬೇಕು. ಅದು ಈಗ ಬಹುಮಟ್ಟಿಗೆ ಆನ್‌ಲೈನ್ ಆಗಿದೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದು 1939, 1946ರ ಹಳೆಯ ಕಾಯ್ದೆಗಳು ಮೂಲೆ ಸೇರಿದವು. ವಿದೇಶಿ ಸಂಗಾತಿಯ ಮಟ್ಟಿಗೆ ಮುಖ್ಯ ಮಾತು ಬದಲಾಗಿಲ್ಲ: ಕಾರ್ಡು ಬರುವವರೆಗೆ ಆಕೆ ಅವಧಿಯುಳ್ಳ ವೀಸಾದ ಮೇಲಿರುವವಳು.

ಇನ್ನು ನನ್ನ ಮುಖ್ಯ ತಕರಾರು. ಒಸಿಐ ಎಲ್ಲರಿಗೂ ಒಂದೇ ಬಗೆಯದಲ್ಲ. ಅಜ್ಜನ ಮೂಲಕ ಬಂದ ಒಸಿಐಗೂ ಗಂಡನ ಮೂಲಕ ಬಂದ ಒಸಿಐಗೂ ನೋಡಲು ವ್ಯತ್ಯಾಸವಿಲ್ಲ, ಪುಸ್ತಿಕೆ ಒಂದೇ. ಹೂರಣ ಬೇರೆ. ಮೊದಲನೆಯದು ರಕ್ತಕ್ಕೆ ಅಂಟಿದ್ದು, ಎರಡನೆಯದು ಮದುವೆಗೆ ಅಂಟಿದ್ದು. ಸೆಕ್ಷನ್ 7ಡಿ ಪ್ರಕಾರ ವಿಚ್ಛೇದನವಾದರೆ ಸಂಗಾತಿಯ ಕಾರ್ಡನ್ನು ಸರ್ಕಾರ ರದ್ದುಗೊಳಿಸಬಹುದು. ಗಂಡ ಒಸಿಐ ಆಗಿದ್ದು, ಯಾವುದೋ ಕಾರಣಕ್ಕೆ ತನ್ನ ಕಾರ್ಡನ್ನು ಬಿಟ್ಟುಕೊಟ್ಟರೆ ಸೆಕ್ಷನ್ 7ಸಿ ಪ್ರಕಾರ ಹೆಂಡತಿಯದ್ದೂ ಅದರೊಡನೆ ಹೋಗುತ್ತದೆ. ಆಕೆಯ ಒಪ್ಪಿಗೆ ಕೇಳುವ ಮಾತಿಲ್ಲ.

2021ರ ಏಪ್ರಿಲ್‌ನಲ್ಲಿ ಗೃಹ ಸಚಿವಾಲಯ ನಿಯಮ ಸಡಿಲಿಸಿತು. ಪಾಸ್‌ಪೋರ್ಟು ಬದಲಾದಾಗಲೆಲ್ಲ ಒಸಿಐಯನ್ನೂ ಹೊಸದಾಗಿ ಮಾಡಿಸುವ ಕಾಟ ಬಹುಪಾಲು ತಪ್ಪಿತು. ಎಲ್ಲರೂ ಖುಷಿಪಟ್ಟರು. ಆದರೆ ಸಂಗಾತಿಗಳಿಗೆ ಮಾತ್ರ ಒಂದು ಸಾಲು ಜಾಸ್ತಿ: ಹೊಸ ಪಾಸ್‌ಪೋರ್ಟು ಬಂದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿ ಮತ್ತು ಹೊಸ ಫೋಟೋ ಜತೆಗೆ ‘ನಮ್ಮ ವಿವಾಹ ಈಗಲೂ ಊರ್ಜಿತದಲ್ಲಿದೆ’ ಎಂಬ ಘೋಷಣೆಯನ್ನೂ ಪೋರ್ಟಲ್‌ಗೆ ಏರಿಸಬೇಕು. ಬೆಳ್ಳಿಹಬ್ಬ ಆಚರಿಸಿದ ದಂಪತಿಗೂ ಇದು ತಪ್ಪಿದ್ದಲ್ಲ. ಪೌರತ್ವ ಪಡೆದವರು ಹತ್ತು ವರ್ಷಕ್ಕೊಮ್ಮೆ ‘ನಾನಿನ್ನೂ ಸಂಸಾರ ಮಾಡುತ್ತಿದ್ದೇನೆ’ ಎಂದು ಬರೆದುಕೊಡುವುದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಹಾಗಾಗಿ ಮಾರಿಷಸ್ಸಿನದೋ ಟ್ರಿನಿಡಾಡಿನದೋ ಹೆಣ್ಣು ಇಲ್ಲಿಯ ಸೊಸೆಯಾಗಿ ಬಂದರೆ, ಆಕೆಗೆ ಭಾರತೀಯ ಪೂರ್ವಜರ ದಾಖಲೆಗಳಿದ್ದರೆ, ‘ಗಂಡನ ಕಡೆಯಿಂದ ಸುಲಭ’ ಎಂಬ ಏಜೆಂಟರ ಮಾತು ಕೇಳದೆ ಸ್ವಂತ ಮೂಲದ ಮೇಲೆ ಅರ್ಜಿ ಹಾಕುವುದು ಜಾಣತನ. ಆಗ ಎರಡು ವರ್ಷ ಕಾಯುವುದೂ ಇಲ್ಲ, ಘೋಷಣೆಯೂ ಇಲ್ಲ.

‘ತಾಯ್ನಾಡಿಗೆ ಮರಳಿದ ಪ್ರಜೆ’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಮರಳಿದವನು ಪ್ರಜೆಯೇ ಎಂದು ಯಾರೂ ಕೇಳುವುದಿಲ್ಲ. ಹೊರಗಿದ್ದೂ ಭಾರತದ ಪಾಸ್‌ಪೋರ್ಟು ಉಳಿಸಿಕೊಂಡವ ಅನಿವಾಸಿ, ಅಂದರೆ ಎನ್‌ಆರ್‌ಐ. ಆತ ಪೂರ್ಣ ಪ್ರಜೆ. ಅಮೆರಿಕದ ಪೌರತ್ವ ಪಡೆದವನ ಭಾರತೀಯ ಪೌರತ್ವ ಸೆಕ್ಷನ್ 9ರ ಪ್ರಕಾರ ಆ ಗಳಿಗೆಗೇ ಮುಗಿಯಿತು. ಅವನು ಮರಳಿ ಬಂದು ಜಯನಗರದಲ್ಲಿ ಮನೆ ಕಟ್ಟಿದರೂ, ಹುಟ್ಟಿದ್ದು ಅದೇ ಜಯನಗರದಲ್ಲಾದರೂ, ಈಗ ಅವನೂ ಕಾರ್ಡುದಾರನೇ. ಸಕಲೇಶಪುರದಲ್ಲಿ ಕಾಫಿ ತೋಟ ಕೊಳ್ಳುವ ಕನಸು ಕಟ್ಟಿಕೊಂಡು ಬಂದ ಇಂಥವರಿಗೆ ಮೊದಲ ಪೆಟ್ಟು ಬೀಳುವುದು ಅಲ್ಲಿಯೇ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಿಟ್ಟಿತು, ನಿಜ. ಆದರೆ ಒಸಿಐ ಕಾರ್ಡುದಾರರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಬಾರದು ಎಂಬುದು ಕೇಂದ್ರದ ನಿಯಮ. ಅದು ಕದಲಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಮಾತು ಬೇರೆ.

ಗಂಡ ಪ್ರಜೆಯೋ ಕಾರ್ಡುದಾರನೋ ಎಂಬುದರ ಮೇಲೆ ಹೆಂಡತಿಯ ಮುಂದಿನ ದಾರಿಯೂ ನಿಂತಿದೆ. ನಿಜವಾದ ಪೌರತ್ವ ಬೇಕೆಂದರೆ ಸೆಕ್ಷನ್ 5(1)(ಸಿ). 1955ರಲ್ಲಿ ಆ ಖಂಡ ಇದ್ದದ್ದು ಮಹಿಳೆಯರಿಗೆ ಮಾತ್ರ: ಭಾರತೀಯನನ್ನು ಮದುವೆಯಾದ, ‘ಅಥವಾ ಆಗಿದ್ದ’ ಮಹಿಳೆ. ಸೋನಿಯಾ ಗಾಂಧಿ 1983ರಲ್ಲಿ ಪ್ರಜೆಯಾದದ್ದು ಈ ಖಂಡದಡಿ. ಭಾರತೀಯಳನ್ನು ಕೈಹಿಡಿದ ವಿದೇಶಿ ಅಳಿಯನಿಗೆ ಅವಕಾಶ ಸಿಕ್ಕಿದ್ದು 1986ರ ತಿದ್ದುಪಡಿಯಲ್ಲಿ ‘ಮಹಿಳೆ’ ಹೋಗಿ ‘ವ್ಯಕ್ತಿ’ ಬಂದ ಮೇಲೆ. ಜತೆಗೆ ಐದು ವರ್ಷದ ವಾಸದ ಷರತ್ತೂ ಬಂತು. 2003ರಲ್ಲಿ ಐದು ಏಳಾಯಿತು, ‘ಅಥವಾ ಆಗಿದ್ದ’ ಎಂಬ ಮಾತು ಸದ್ದಿಲ್ಲದೆ ಕಳಚಿಬಿತ್ತು. ಈಗಿನ ಲೆಕ್ಕ: ಅರ್ಜಿಗೆ ಹಿಂದಿನ 12 ತಿಂಗಳು ಇಲ್ಲೇ ಇರಬೇಕು, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಆರು ವರ್ಷವಾದರೂ ಇಲ್ಲಿ ಕಳೆದಿರಬೇಕು. ಆ 12 ತಿಂಗಳಲ್ಲಿ ತವರಿಗೆ ಹೋಗಿಬಂದದ್ದನ್ನು ವಿಶೇಷ ಸಂದರ್ಭದಲ್ಲಿ 30 ದಿನಗಳವರೆಗೆ ಮನ್ನಿಸಲು 2015ರಲ್ಲಿ ಅವಕಾಶ ಮಾಡಿದರು.

ಈ ಖಂಡ ತೆರೆಯುವುದು ‘ಭಾರತದ ಪ್ರಜೆಯನ್ನು’ ಮದುವೆಯಾದವರಿಗೆ ಮಾತ್ರ. ಗಂಡನೇ ಅಮೆರಿಕದ ಪ್ರಜೆಯಾಗಿದ್ದರೆ ಆಕೆ ಇಲ್ಲಿ ಇಪ್ಪತ್ತು ವರ್ಷ ಇದ್ದರೂ 5(1)(ಸಿ) ಅನ್ವಯಿಸದು. ಆಕೆಗೆ ಉಳಿಯುವುದು 5(1)(ಜಿ): ಒಸಿಐ ಕಾರ್ಡು ಪಡೆದು ಐದು ವರ್ಷವಾಗಿರಬೇಕು, ಅರ್ಜಿಗೆ ಮುಂಚೆ ಒಂದು ವರ್ಷ ಇಲ್ಲಿ ವಾಸವಿರಬೇಕು. ವಿಚಿತ್ರವೆಂದರೆ ಕಾಗದದ ಮೇಲೆ ಇದೇ ಹತ್ತಿರದ ದಾರಿ. ಎರಡರಲ್ಲಿ ಯಾವುದನ್ನು ಹಿಡಿದರೂ ಹುಟ್ಟೂರಿನ ಪಾಸ್‌ಪೋರ್ಟನ್ನು ಬಿಡಬೇಕು. ಬಿಟ್ಟ ದಿನ ಒಸಿಐ ಕಾರ್ಡಿಗೂ ಅರ್ಥವಿಲ್ಲ, ಪ್ರಜೆಗೆ ವೀಸಾ ಬೇಕಿಲ್ಲವಲ್ಲ. ‘ಪೌರತ್ವ ಸಿಕ್ಕಿತು’ ಎಂದು ಆ ದಿನ ಬರೆಯಿರಿ.